ಎಷ್ಟು ಬಿದ್ದರೆ ಏಟು? ಡಿ ಅಂಡ್ ಡಿ ಕಾಳಗದಲ್ಲಿ ಯಾವ ಉಪಾಯ ಯಾವಾಗ

ಹೋದ ವರ್ಷ ನಮ್ಮ ಭಾನುವಾರದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುವ ಆಟ) ಆಟದಲ್ಲಿ ಒಂದು ಓಗರ್, ಅಂದರೆ ದೈತ್ಯ ರಾಕ್ಷಸ, ಎದುರಾಯಿತು. ಒಂದೇ ಒಂದು. ನಾವು ನಾಲ್ಕು ಜನ, ಎಲ್ಲರೂ ಐದನೇ ಲೆವೆಲ್. ನಾನು ಫೈಟರ್, ಕೈಯಲ್ಲಿ ಗ್ರೇಟ್‌ಸ್ವೋರ್ಡ್. ಹೊಡೆದು ಮುಗಿಸುವ ಬದಲು ಜಾಣತನ ತೋರಿಸಲು ಹೋದೆ. "ಮೊದಲು ಇದನ್ನ ಕೆಡವ್ತೀನಿ, ಆಮೇಲೆ ಎಲ್ಲರಿಗೂ ಅಡ್ವಾಂಟೇಜ್" ಅಂದೆ. ಮೊದಲ ಸುತ್ತಿನಲ್ಲಿ ತಳ್ಳಿದೆ, ಬೀಳಲಿಲ್ಲ. ಎರಡನೇ ಸುತ್ತಿನಲ್ಲಿ ಬಿತ್ತು. ಆಗ ಹಿಂದೆ ನಿಂತು ಬಾಣ ಬಿಡುತ್ತಿದ್ದ ಗೆಳೆಯ ಹಣೆ ಚಚ್ಚಿಕೊಂಡ. ನೆಲಕ್ಕೆ ಬಿದ್ದವರ ಮೇಲೆ ದೂರದಿಂದ ಬಾಣ ಬಿಟ್ಟರೆ ಡಿಸ್‌ಅಡ್ವಾಂಟೇಜ್, ಅದನ್ನು ನಾನು ಮರೆತೇಬಿಟ್ಟಿದ್ದೆ. ಅಷ್ಟರಲ್ಲಿ ಓಗರ್ ಎದ್ದು ನಿಂತು ನನ್ನನ್ನೇ ಬಡಿಯಿತು.

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ತಳ್ಳಾಟ ಬಿಟ್ಟು ಸುಮ್ನೆ ಎರಡು ಏಟು ಹಾಕಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಅದೇ ಉಪಾಯ ಬೇರೆ ಶತ್ರುವಿನ ಮೇಲೆ ಆಗಿದ್ದರೆ ಭರ್ಜರಿ ಲಾಭ. ಅವತ್ತಿನಿಂದ ಪ್ರತಿ ಸರದಿಯಲ್ಲೂ ಬೇರೇನು ಯೋಚಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಏಟು ತಾಗಲು ದಾಳದಲ್ಲಿ ಎಷ್ಟು ಬೀಳಬೇಕು? ಕೆಳಗಿನ ಹೋಲಿಕೆಗಳೆಲ್ಲ ಆ ಒಂದು ಸಂಖ್ಯೆಯ ಸುತ್ತ ತಿರುಗುತ್ತವೆ.

ಲೆಕ್ಕವೆಲ್ಲ 2014ರ ಐದನೇ ಆವೃತ್ತಿಯದು. ನಮ್ಮ ಗುಂಪು ಇನ್ನೂ ಅದರಲ್ಲೇ ಇದೆ. 2024ರ ಹೊಸ ಪುಸ್ತಕದಲ್ಲಿ ಬದಲಾಗಿದ್ದರೆ ಅಲ್ಲಲ್ಲೇ ಹೇಳುತ್ತೇನೆ.

ಅಡ್ವಾಂಟೇಜ್ ಅಂದರೆ ಎಷ್ಟು?

ಹೊಸಬರಿಗೆ ಎರಡು ಮಾತು. ಹೊಡೆಯಲು ಇಪ್ಪತ್ತು ಮುಖದ ದಾಳ, ಅಂದರೆ ಡಿ20, ಉರುಳಿಸಬೇಕು. ಅದಕ್ಕೆ ನಿಮ್ಮ ಬೋನಸ್ ಕೂಡಿಸಬೇಕು. ಮೊತ್ತ ಶತ್ರುವಿನ ಆರ್ಮರ್ ಕ್ಲಾಸ್, ಅಂದರೆ ಎಸಿಯಷ್ಟು ಅಥವಾ ಜಾಸ್ತಿ ಆದರೆ ಏಟು ತಾಗಿತು. ನಿಮ್ಮ ಬೋನಸ್ 7, ಶತ್ರುವಿನ ಎಸಿ 15 ಆದರೆ ದಾಳದಲ್ಲಿ 8 ಬೀಳಬೇಕು. 8ರಿಂದ 20ರವರೆಗೆ 13 ಮುಖ. ಅಂದರೆ ಶೇ. 65. ಬರೀ 1 ಬಿದ್ದರೆ ಏನೇ ಇರಲಿ ತಪ್ಪಿತು, ಬರೀ 20 ಬಿದ್ದರೆ ಏನೇ ಇರಲಿ ತಾಗಿತು, ಮೇಲಿಂದ ಕ್ರಿಟ್, ಅಂದರೆ ಡ್ಯಾಮೇಜಿನ ದಾಳಗಳು ಎರಡರಷ್ಟು.

ಅಡ್ವಾಂಟೇಜ್ ಇದ್ದರೆ ಎರಡು ಡಿ20 ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬೇಕು. ಡಿಸ್‌ಅಡ್ವಾಂಟೇಜ್ ಆದರೆ ಚಿಕ್ಕದನ್ನು. ಒಂದು ದಾಳದ ಸರಾಸರಿ 10.5, ಅಡ್ವಾಂಟೇಜ್‌ನಲ್ಲಿ 13.825. ಈ ಎರಡರ ವ್ಯತ್ಯಾಸ ನೋಡಿ "ಅಡ್ವಾಂಟೇಜ್ ಅಂದರೆ ಮೂರೂಕಾಲು ಕೂಡಿಸಿದ ಹಾಗೆ" ಅಂತ ಹೇಳುವವರಿದ್ದಾರೆ. ಅದನ್ನು ನಂಬಿಕೊಂಡೇ ನಾನು ಓಗರ್ ಹತ್ತಿರ ಒದೆ ತಿಂದಿದ್ದು. ಸರಾಸರಿಯಿಂದ ಇಲ್ಲಿ ಏನೂ ಗೊತ್ತಾಗುವುದಿಲ್ಲ. ಎರಡು ದಾಳವೂ ಕೈಕೊಟ್ಟರೆ ಮಾತ್ರ ಏಟು ತಪ್ಪುತ್ತದೆ, ಹಾಗಾಗಿ ತಪ್ಪುವ ಸಾಧ್ಯತೆಯನ್ನು ಅದರಿಂದಲೇ ಗುಣಿಸಬೇಕು. ಹಾಗೆ ಮಾಡಿದರೆ ಹೀಗೆ ಬರುತ್ತದೆ:

| ಬೀಳಬೇಕಾದ್ದು | ಒಂದು ದಾಳ | ಅಡ್ವಾಂಟೇಜ್ | ಲಾಭ |
|---|---|---|---|
| 2 | ಶೇ. 95 | ಶೇ. 99.75 | 4.75 |
| 5 | ಶೇ. 80 | ಶೇ. 96 | 16 |
| 8 | ಶೇ. 65 | ಶೇ. 87.75 | 22.75 |
| 11 | ಶೇ. 50 | ಶೇ. 75 | 25 |
| 14 | ಶೇ. 35 | ಶೇ. 57.75 | 22.75 |
| 17 | ಶೇ. 20 | ಶೇ. 36 | 16 |
| 20 | ಶೇ. 5 | ಶೇ. 9.75 | 4.75 |

ಡಿ20ಯಲ್ಲಿ ಒಂದು ಅಂಕ ಅಂದರೆ ಶೇ. 5. ಹಾಗಾಗಿ 11 ಬೇಕಿದ್ದಾಗ ಅಡ್ವಾಂಟೇಜ್ ಸಿಕ್ಕರೆ 5 ಕೂಡಿಸಿದಂತೆ. 2 ಅಥವಾ 20 ಬೇಕಿದ್ದಾಗ 1 ಕೂಡ ಕೂಡಿಸಿದಂತಿಲ್ಲ. ಸುಲಭದ ಏಟಿಗೂ ಅಸಾಧ್ಯದ ಏಟಿಗೂ ಅದು ಜಾಸ್ತಿ ಏನೂ ಕೊಡುವುದಿಲ್ಲ. ಆಗಬಹುದು, ಆಗದೆಯೂ ಇರಬಹುದು ಎನ್ನುವಂಥ ಏಟಿಗೇ ಅದರ ಪೂರ್ತಿ ಬಲ. ಕ್ರಿಟ್ ಸಾಧ್ಯತೆ ಮಾತ್ರ ಎಲ್ಲ ಸಾಲಿನಲ್ಲೂ ಶೇ. 5ರಿಂದ 9.75ಕ್ಕೆ ಏರುತ್ತದೆ.

"ಎಸಿ ಎಷ್ಟು ಅಂತ ಡಿಎಂ ಹೇಳಲ್ವಲ್ಲ" ಅನ್ನಬಹುದು. ಆಟ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ಹೇಳಬೇಕಾಗಿಲ್ಲ. ಮೊದಲ ಸುತ್ತಿನಲ್ಲಿ ಕಿವಿ ತೆರೆದಿಟ್ಟುಕೊಂಡರೆ ಸಾಕು. ಒಬ್ಬರ 14 ತಪ್ಪಿತು, ಇನ್ನೊಬ್ಬರ 17 ತಾಗಿತು ಅಂದರೆ ಎಸಿ 15ರಿಂದ 17ರ ಒಳಗಿದೆ. ನಾನು ಶೀಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಈ ಎರಡು ಅಂಕೆ ಬರೆದುಕೊಳ್ಳುತ್ತೇನೆ. ಎರಡನೇ ಸುತ್ತಿನ ಹೊತ್ತಿಗೆ ಹೆಚ್ಚುಕಮ್ಮಿ ಗೊತ್ತಾಗಿಬಿಟ್ಟಿರುತ್ತದೆ.

ತಳ್ಳುವುದೋ, ಹೊಡೆಯುವುದೋ

ಈಗ ನನ್ನ ಓಗರ್ ಕಥೆಗೆ ಬರೋಣ. ಓಗರ್‌ನ ಎಸಿ 11, ಹಿಟ್ ಪಾಯಿಂಟ್, ಅಂದರೆ ಬೀಳುವ ಮೊದಲು ತಡೆಯಬಲ್ಲ ಡ್ಯಾಮೇಜ್, 59. ದೇಹ ದೊಡ್ಡದು, ಚರ್ಮ ಮೆತ್ತಗೆ. ನನ್ನ ಬೋನಸ್ 7, ಏಟಿನ ಡ್ಯಾಮೇಜ್ 2ಡಿ6 (ಆರು ಮುಖದ ಎರಡು ದಾಳ) ಜೊತೆ 4, ಸರಾಸರಿ 11. ನನಗೆ ಬೀಳಬೇಕಾದ್ದು ಬರೀ 4. ಅಂದರೆ ಶೇ. 85. ಕ್ರಿಟ್ ಸೇರಿಸಿದರೆ ಒಂದು ಏಟಿಗೆ ಸರಾಸರಿ 9.7 ಡ್ಯಾಮೇಜ್. ಐದನೇ ಲೆವೆಲ್ ಫೈಟರ್‌ಗೆ ಒಂದು ಸರದಿಗೆ ಎರಡು ಏಟು, ಅಂದರೆ 19.4.

ಒಂದು ಏಟು ಬಿಟ್ಟು ತಳ್ಳಿದರೆ? 2014ರ ನಿಯಮದಲ್ಲಿ ನನ್ನ ಅಥ್ಲೆಟಿಕ್ಸ್ ಅದರ ಶಕ್ತಿಗೆ ಎದುರಾಗಿ ನಿಲ್ಲಬೇಕು. ನನಗೆ 7, ಓಗರ್‌ಗೆ 4. ಇಬ್ಬರೂ ದಾಳ ಉರುಳಿಸುವ 400 ಬಗೆಗಳಲ್ಲಿ 247ರಲ್ಲಿ ನಾನು ಗೆಲ್ಲುತ್ತೇನೆ. ಅಂದರೆ ಶೇ. 62 ಹತ್ತಿರ. ಗೆದ್ದರೆ ಉಳಿದ ಒಂದು ಏಟಿಗೆ ಅಡ್ವಾಂಟೇಜ್ ಬಂದು ಅದರ ಸರಾಸರಿ 11.4 ಆಗುತ್ತದೆ. ಸೋಲು ಗೆಲುವು ಎರಡನ್ನೂ ಸೇರಿಸಿದರೆ ನನ್ನ ಸರದಿಯ ಮೊತ್ತ 10.8. ಕೈಯಿಂದ ಹೋಗಿದ್ದು 8.6.

ಆ ನಷ್ಟವನ್ನು ಗೆಳೆಯರು ತುಂಬಿಕೊಡಬೇಕು. ನನ್ನಂಥದ್ದೇ ಕತ್ತಿ ಹಿಡಿದವರ ಒಂದೊಂದು ಏಟಿಗೂ ಇದರಿಂದ ಸಿಗುವ ಲಾಭ ಸರಾಸರಿ 1 ಡ್ಯಾಮೇಜ್‌ಗಿಂತ ಸ್ವಲ್ಪ ಜಾಸ್ತಿ. ಓಗರ್ ಏಳುವ ಮೊದಲು ಅಂಥ 8 ಏಟು ಬೀಳಬೇಕು, ಆಗ ಲೆಕ್ಕ ಸರಿಹೋಗುತ್ತದೆ. ನಮ್ಮ ಗುಂಪಿನಲ್ಲಿ ಹತ್ತಿರ ನಿಂತು ಹೊಡೆಯುವವರು ನಾನು ಬಿಟ್ಟರೆ ಇನ್ನೊಬ್ಬ. ಮೇಲಿಂದ ಬಿಲ್ಲಿನವನಿಗೆ ನಷ್ಟ ಬೇರೆ.

ಅದೇ ಜಾಗದಲ್ಲಿ ಒಬ್ಬ ನೈಟ್ ನಿಂತಿದ್ದರೆ? ಎಸಿ 18, ಹಿಟ್ ಪಾಯಿಂಟ್ 52. ನನಗೆ ಬೀಳಬೇಕಾದ್ದು 11. ಕೋಷ್ಟಕದ ನಟ್ಟನಡುವೆ. ಸುಮ್ನೆ ಹೊಡೆದರೆ ಏಟಿಗೆ 5.85, ಎರಡಕ್ಕೆ 11.7. ತಳ್ಳಿದರೆ ಗೆಲ್ಲುವ ಸಾಧ್ಯತೆ ಶೇ. 66, ಮೊತ್ತ 7.9. ನಷ್ಟ 3.8 ಮಾತ್ರ. ಗೆಳೆಯರ ಒಂದೊಂದು ಏಟಿಗೂ ಲಾಭ 2ರ ಹತ್ತಿರ. ಅಂದರೆ ಇನ್ನಿಬ್ಬರು ಒಂದೊಂದು ಏಟು ಹಾಕಿದರೂ ಅಸಲು ವಾಪಸ್. ಮೂರನೇ ಏಟಿನಿಂದ ಲಾಭವೇ.

ಒಂದೇ ಉಪಾಯ, ಒಂದೇ ಕೈ. ಓಗರ್ ಮೇಲೆ 8 ಏಟು ಬೇಕು, ನೈಟ್ ಮೇಲೆ 2 ಸಾಕು. ನಾನು ಅವತ್ತು ಕೇಳಬೇಕಿದ್ದ ಪ್ರಶ್ನೆ ಇದೇ.

2024ರಲ್ಲಿ ತಳ್ಳುವ ಬಗೆ ಬದಲಾಗಿದೆ. ಈಗ ಶತ್ರುವೇ ಸೇವಿಂಗ್ ಥ್ರೋ ಮಾಡುತ್ತದೆ, ಅಂದರೆ ತಪ್ಪಿಸಿಕೊಳ್ಳಲು ಡಿ20 ಉರುಳಿಸುತ್ತದೆ. ಅದು ಮುಟ್ಟಬೇಕಾದ ಮೊತ್ತ, ಅಂದರೆ ನನ್ನ ಡಿಸಿ 15, ಓಗರ್ ಶಕ್ತಿಯಿಂದ ಸೇವ್ ಮಾಡಿದರೆ ಅದಕ್ಕೆ 11 ಬೀಳಬೇಕು. ಅಂದರೆ ಕೆಡವುವ ಸಾಧ್ಯತೆ ಇನ್ನೂ ಇಳಿದು ಅರ್ಧಕ್ಕೆ ಬಂತು. ಆದರೆ ಮಾಲ್, ಕ್ವಾರ್ಟರ್‌ಸ್ಟಾಫ್‌ನಂಥ ಆಯುಧಗಳಿಗೆ ಟಾಪಲ್ ಎನ್ನುವ ಹೊಸ ಗುಣ ಬಂದಿದೆ. ಏಟೂ ಬೀಳುತ್ತದೆ, ಶತ್ರು ಉರುಳುವ ಸಾಧ್ಯತೆಯೂ ಇರುತ್ತದೆ. ಏಟು ಬಿಟ್ಟುಕೊಡಬೇಕಾಗಿಲ್ಲ ಅಂದಮೇಲೆ ಮೇಲಿನ ಲೆಕ್ಕದ ಗೋಜೇ ಇಲ್ಲ. ಸುತ್ತ ಬಿಲ್ಲಿನವರು ಎಷ್ಟು ಜನ ಇದ್ದಾರೆ ಅಂತ ಮಾತ್ರ ನೋಡಿಕೊಳ್ಳಿ.

ಬ್ಲೆಸ್ ಮತ್ತು ಫೇರಿ ಫೈರ್

ಇವೆರಡರಲ್ಲಿ ಯಾವುದು ಮೇಲು ಎನ್ನುವ ಜಗಳ ನಮ್ಮಲ್ಲಿ ಪ್ರತಿ ಹೊಸ ಆಟ ಶುರುವಾದಾಗಲೂ ಇದ್ದದ್ದೇ. ಎರಡೂ ಮೊದಲ ಲೆವೆಲ್ ಮಂತ್ರ, ಎರಡಕ್ಕೂ ಕಾನ್ಸಂಟ್ರೇಶನ್ ಬೇಕು (ಏಟು ತಿಂದು ಸೇವ್ ಸೋತರೆ ಮಂತ್ರ ಮುರಿಯುತ್ತದೆ), ಎರಡೂ ಒಂದು ನಿಮಿಷದವರೆಗೆ ಇರುತ್ತವೆ. ಬ್ಲೆಸ್ ಮೂವರಿಗೆ ಸಿಗುತ್ತದೆ. ಅವರ ಏಟಿಗೂ ಸೇವಿಂಗ್ ಥ್ರೋಗೂ 1ಡಿ4 ಕೂಡುತ್ತದೆ. ಫೇರಿ ಫೈರ್ 20 ಅಡಿಯ ಚೌಕದೊಳಗೆ ಇರುವವರನ್ನು ಹೊಳೆಯುವಂತೆ ಮಾಡುತ್ತದೆ. ಡೆಕ್ಸ್‌ಟೆರಿಟಿ, ಅಂದರೆ ಚುರುಕುತನದ ಸೇವ್ ಸೋತವರ ಮೇಲೆ ಎಲ್ಲರಿಗೂ ಅಡ್ವಾಂಟೇಜ್. ನಮ್ಮವರು ಒಳಗಿದ್ದು ಸೋತರೆ ಅವರೂ ದೀಪಾವಳಿ ಹಣತೆಯ ಹಾಗೆ ಹೊಳೆಯುತ್ತಾರೆ.

1ಡಿ4ರ ಸರಾಸರಿ 2.5, ಅಂದರೆ ಶೇ. 12.5. ಅಡ್ವಾಂಟೇಜ್ ಇದಕ್ಕಿಂತ ದೊಡ್ಡದು ಅಂತ ಕೋಷ್ಟಕ ನೋಡಿದರೇ ಗೊತ್ತಾಗುತ್ತದೆ. ಆದರೆ ಫೇರಿ ಫೈರ್ ಮೊದಲು ಶತ್ರುವಿಗೆ ಹತ್ತಬೇಕಲ್ಲ.

ಒಂದು ಗಾಬ್ಲಿನ್ ತೆಗೆದುಕೊಳ್ಳಿ. ಎಸಿ 15, ಡೆಕ್ಸ್ 2. ನಿಮ್ಮ ಗುಂಪಿನ ಲೆವೆಲ್ ಇನ್ನೂ ಕಮ್ಮಿ, ಹೊಡೆಯುವ ಬೋನಸ್ 5, ಮಂತ್ರದ ಡಿಸಿ 13. ಏಟಿಗೆ 10 ಬೀಳಬೇಕು, ಶೇ. 55. ಅಡ್ವಾಂಟೇಜ್ ಇದ್ದರೆ ಶೇ. 79.75. ಲಾಭ 24.75. ಗಾಬ್ಲಿನ್ ಸೇವ್ ಮಾಡಲು 11 ಬೀಳಬೇಕು, ಅರ್ಧಕ್ಕರ್ಧ. ಹಾಗಾದರೆ ಲಾಭವೂ ಅರ್ಧ: ಶೇ. 12.4. ಬ್ಲೆಸ್ ಶೇ. 12.5!

ಅದೇ ಬೋನಸ್ 5, ಅದೇ ಡಿಸಿ ಇಟ್ಟುಕೊಂಡು ಓಗರ್ ಮೇಲೂ ನೋಡಿದೆ. ಏಟಿಗೆ 6 ಬೀಳಬೇಕು, ಅಡ್ವಾಂಟೇಜ್‌ನ ಲಾಭ 18.75. ಡೆಕ್ಸ್ ಮೈನಸ್ 1 ಇರುವುದರಿಂದ ಸೇವ್ ಸೋಲುವ ಸಾಧ್ಯತೆ ಶೇ. 65. ಗುಣಿಸಿದರೆ ಶೇ. 12.2. ಮತ್ತೆ ಅದೇ ಹತ್ತಿರ. ಇದನ್ನು ನೋಡಿ ನಾನು ಜಗಳ ಆಡುವುದನ್ನೇ ಬಿಟ್ಟೆ.

ಹಾಗಾದರೆ ಆಯ್ಕೆ ಹೇಗೆ? ಏಟಿನ ಲೆಕ್ಕ ಸಮಾ ಅಂದಮೇಲೆ ಉಳಿದದ್ದನ್ನು ನೋಡಬೇಕು. ಶತ್ರುಗಳು ಒಂದೇ ಕಡೆ ಗುಂಪಾಗಿದ್ದಾರೆ, ನಮ್ಮಲ್ಲಿ ಹೊಡೆಯುವವರು ನಾಲ್ಕೈದು ಜನ ಅಂದರೆ ಫೇರಿ ಫೈರ್. ಮಾಯವಾಗಿ ಓಡಾಡುವ ಶತ್ರು ಇದ್ದರಂತೂ ಅದೇ, ಯಾಕೆಂದರೆ ಹೊಳೆಯುವವನು ಮಾಯವಾಗಿದ್ದರ ಲಾಭ ಪಡೆಯಲಾರ. ಶತ್ರುಗಳು ಚದುರಿದ್ದಾರೆ, ಅಥವಾ ಭಯ, ವಿಷ, ಮರುಳು ಅಂತ ಸೇವ್ ಕೇಳುವವರಾಗಿದ್ದಾರೆ ಅಂದರೆ ಬ್ಲೆಸ್. ಮೂವರಲ್ಲಿ ಒಬ್ಬರಾಗಿ ಮಂತ್ರ ಹಾಕುವ ಕ್ಲೆರಿಕ್ (ಪುರೋಹಿತನ ಪಾತ್ರ) ತನ್ನನ್ನೂ ಸೇರಿಸಿಕೊಂಡರೆ ಕಾನ್ಸಂಟ್ರೇಶನ್ ಸೇವ್‌ಗೂ ಆ ಡಿ4 ಸಿಗುತ್ತದೆ. ಬೋನಸ್ 2 ಇದ್ದವರು ಡಿಸಿ 10 ದಾಟುವ ಸಾಧ್ಯತೆ ಶೇ. 65ರಿಂದ 77.5ಕ್ಕೆ ಏರುತ್ತದೆ. ತನ್ನನ್ನು ತಾನೇ ಕಾಯುವ ಮಂತ್ರ.

ಇನ್ನೊಂದು ವಿಷಯ. ಎರಡು ಕಡೆಯಿಂದ ಅಡ್ವಾಂಟೇಜ್ ಬಂದರೂ ದಾಳ ಎರಡೇ. ಮೂರು ಅಡ್ವಾಂಟೇಜ್ ಎದುರು ಒಂದು ಡಿಸ್‌ಅಡ್ವಾಂಟೇಜ್ ಬಂದರೂ ಎಲ್ಲ ರದ್ದು. ಹಾಗಾಗಿ ನಿಮ್ಮ ಬಾರ್ಬೇರಿಯನ್ ದಿನಾ ರೆಕ್‌ಲೆಸ್ ಆಗಿ, ಅಂದರೆ ತಾನೇ ಅಡ್ವಾಂಟೇಜ್ ತೆಗೆದುಕೊಂಡು ಹೊಡೆಯುವವನಾದರೆ ಅವನಿಗೆ ಫೇರಿ ಫೈರ್ ದಂಡ. ಬ್ಲೆಸ್ ಮಾತ್ರ ಅಡ್ವಾಂಟೇಜ್ ಮೇಲೆಯೂ ಕೂಡುತ್ತದೆ. 11 ಬೇಕಿದ್ದಾಗ ಶೇ. 75 ಇದ್ದದ್ದು ಶೇ. 85.6 ಆಗುತ್ತದೆ. ದಾಳದಲ್ಲಿ 19 ಅಥವಾ 20 ಬೀಳಲೇಬೇಕು ಎನ್ನುವಂಥ ಗಟ್ಟಿ ಶತ್ರು ಎದುರಾದರೆ ಸೇವ್‌ನ ಮಾತೇ ಇಲ್ಲದೆ ಬ್ಲೆಸ್ ಮುಂದೆ: 20 ಬೇಕಿದ್ದಾಗ ಅಡ್ವಾಂಟೇಜ್ ಶೇ. 9.75 ಕೊಟ್ಟರೆ ಬ್ಲೆಸ್ ಶೇ. 17.5 ಕೊಡುತ್ತದೆ.

ಐದು ಕಳೆದು ಹತ್ತು ಪಡೆಯುವುದು

2014ರ ಗ್ರೇಟ್ ವೆಪನ್ ಮಾಸ್ಟರ್ ಮತ್ತು ಶಾರ್ಪ್‌ಶೂಟರ್ ಫೀಟ್‌ಗಳಲ್ಲಿ, ಅಂದರೆ ಪಾತ್ರಕ್ಕೆ ಸಿಗುವ ವಿಶೇಷ ಕೌಶಲಗಳಲ್ಲಿ, ಒಂದು ಆಸೆ ತೋರಿಸಿದ್ದಾರೆ. ಏಟಿನ ಬೋನಸ್‌ನಲ್ಲಿ 5 ಬಿಟ್ಟುಕೊಟ್ಟರೆ ಡ್ಯಾಮೇಜ್‌ಗೆ 10 ಸಿಗುತ್ತದೆ. ಸಿಕ್ಕಿದವರು ಪ್ರತಿ ಸಲವೂ ಬಳಸುತ್ತಾರೆ. ಬಳಸಬಾರದು.

ನನ್ನದೇ ಫೈಟರ್, ಬೋನಸ್ 7, ಸರಾಸರಿ 11. ಎಸಿ 15 ಎದುರು ಸಾದಾ ಏಟು 7.5 ಕೊಡುತ್ತದೆ, ಜೋರು ಏಟು 8.75. ಎಸಿ 17ರಲ್ಲಿ 6.4ಕ್ಕೆ 6.65. ಎಸಿ 18ರಲ್ಲಿ ತಿರುಗುತ್ತದೆ: ಸಾದಾ 5.85, ಜೋರು 5.6. ಇದನ್ನು ನೆನಪಿಡಲು ಸುಲಭದ ದಾರಿ ಇದೆ. ನಿಮ್ಮ ಏಟಿನ ಬೋನಸ್‌ನಿಂದ ಸರಾಸರಿ ಡ್ಯಾಮೇಜಿನ ಅರ್ಧ ಕಳೆಯಿರಿ, 16 ಕೂಡಿಸಿ. ನನಗೆ 7ರಲ್ಲಿ 5.5 ಕಳೆದು 16 ಕೂಡಿಸಿದರೆ 17.5. ಶತ್ರುವಿನ ಎಸಿ ಅದಕ್ಕಿಂತ ಕಮ್ಮಿ ಇದ್ದರೆ ಜೋರು ಏಟು, ಜಾಸ್ತಿ ಇದ್ದರೆ ಸಾದಾ.

ಅಡ್ವಾಂಟೇಜ್ ಇದ್ದರೆ ಕಥೆಯೇ ಬೇರೆ. ಎಸಿ 18ರ ನೈಟ್ ಮೇಲೂ ಆಗ ಸಾದಾ 8.9, ಜೋರು 9.9. ಎಸಿ 15ರ ಮೇಲಂತೂ 10.3ಕ್ಕೆ ಎದುರಾಗಿ 14.1. ಐದು ಕಳೆದ ಹೊಡೆತವನ್ನು ಅಡ್ವಾಂಟೇಜ್ ತುಂಬಿಕೊಡುತ್ತದೆ. ಈ ಎರಡು ಜೊತೆಯಾದರೆ ಡಿಎಂಗಳ ಮುಖ ಯಾಕೆ ಹುಳ್ಳಗಾಗುತ್ತದೆ ಅಂತ ಗೊತ್ತಾಯಿತಲ್ವಾ. 2024ರಲ್ಲಿ ಎರಡೂ ಫೀಟ್‌ಗಳಿಂದ ಈ ಐದು–ಹತ್ತರ ವ್ಯಾಪಾರವನ್ನೇ ತೆಗೆದುಬಿಟ್ಟರು.

ಒಂದು ಎಚ್ಚರಿಕೆ. ಗಾಬ್ಲಿನ್‌ನ ಎಸಿಯೂ 15. ಸೂತ್ರ ಜೋರಾಗಿ ಹೊಡೆಯಿರಿ ಅನ್ನುತ್ತದೆ. ಆದರೆ ಅದರ ಹಿಟ್ ಪಾಯಿಂಟ್ 7. ನನ್ನ ಸಾದಾ ಏಟು ತಾಗಿದರೆ 36ರಲ್ಲಿ 35 ಸಲ ಅದು ಸತ್ತೇ ಹೋಗುತ್ತದೆ. ಸಾದಾ ಏಟಿನಲ್ಲಿ ಸಾಯಿಸುವ ಸಾಧ್ಯತೆ ಶೇ. 63, ಜೋರು ಏಟಿನಲ್ಲಿ ಶೇ. 40. ಸತ್ತ ಗಾಬ್ಲಿನ್‌ಗೆ ಇನ್ನೂ ಹದಿನಾಲ್ಕು ಡ್ಯಾಮೇಜ್ ಜಾಸ್ತಿ ಕೊಟ್ಟು ಏನು ಮಾಡುತ್ತೀರಿ?

ಕತ್ತಿಯೋ, ಕೊಡಲಿಯೋ

ಗ್ರೇಟ್‌ಸ್ವೋರ್ಡ್ 2ಡಿ6, ಗ್ರೇಟ್‌ಆಕ್ಸ್ 1ಡಿ12. ಸರಾಸರಿ 7 ಮತ್ತು 6.5. ಅರ್ಧ ಅಂಕದ ವ್ಯತ್ಯಾಸ. ಅಷ್ಟೇ ನೋಡಿ ಕತ್ತಿ ತೆಗೆದುಕೊಂಡರೆ ಸಾಮಾನ್ಯವಾಗಿ ತಪ್ಪಿಲ್ಲ. ಆದರೆ ಈ ಎರಡು ದಾಳಗಳು ಬೀಳುವ ರೀತಿಯೇ ಬೇರೆ.

ಚೌಕಾಬಾರ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ. ನಾಲ್ಕು ಕವಡೆ ಎಸೆದರೆ ಎರಡು ಬೀಳುವುದೇ ಜಾಸ್ತಿ. ಚೌಕ, ಬಾರ ಅಪರೂಪ. ಕವಡೆ ಎರಡು ಕಡೆಗೂ ಸಮನಾಗಿ ಬೀಳುತ್ತದೆ ಅಂದುಕೊಂಡರೆ 16 ಬಗೆಗಳಲ್ಲಿ 6 ಬಗೆ ಎರಡಕ್ಕೆ, ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. ನಿಜವಾದ ಕವಡೆ ಹಾಗೆ ಸಮನಾಗಿ ಬೀಳುವುದಿಲ್ಲ, ಅದು ಬೇರೆ ಮಾತು. ನಮ್ಮಜ್ಜಿ ಎಸೆದರೆ ಬೇಕೆಂದಾಗ ಬಾರ ಬೀಳುತ್ತಿತ್ತು, ಅದು ಇನ್ನೂ ಬೇರೆ ಮಾತು. ವಿಷಯ ಏನೆಂದರೆ, ಹಲವು ಚೂರು ಸೇರಿ ಒಂದು ಮೊತ್ತ ಆಗುವಲ್ಲಿ ನಡುವಿನ ಅಂಕೆ ಪದೇಪದೇ ಬರುತ್ತದೆ, ತುದಿಯದ್ದು ಅಪರೂಪಕ್ಕೆ. ಕತ್ತಿಯ 2ಡಿ6 ಕವಡೆಯ ಥರ. ಕೊಡಲಿಯ ಡಿ12ಗೆ ಎಲ್ಲ ಅಂಕೆಯೂ ಒಂದೇ.

ಮೊದಲ ಲೆವೆಲ್‌ನಲ್ಲಿ ಶಕ್ತಿಯ ಬೋನಸ್ 3 ಇರುವ ಯೋಧ. ಎದುರಿಗೆ 7 ಹಿಟ್ ಪಾಯಿಂಟ್‌ನ ಗಾಬ್ಲಿನ್. ಒಂದೇ ಏಟಿಗೆ ಕೊಲ್ಲಲು ದಾಳದಲ್ಲಿ 4 ಬೇಕು. ಕತ್ತಿಗೆ ಆ ಸಾಧ್ಯತೆ 36ರಲ್ಲಿ 33, ಶೇ. 92 ಹತ್ತಿರ. ಕೊಡಲಿಗೆ 12ರಲ್ಲಿ 9, ಶೇ. 75. ಈಗ ಎದುರಿಗೆ 15 ಹಿಟ್ ಪಾಯಿಂಟ್‌ನ ಆರ್ಕ್ ನಿಲ್ಲಿಸಿ. ದಾಳದಲ್ಲಿ 12 ಬೇಕು. ಕತ್ತಿಗೆ 36ರಲ್ಲಿ 1. ಕೊಡಲಿಗೆ 12ರಲ್ಲಿ 1, ಮೂರು ಪಟ್ಟು. ಚಿಕ್ಕ ಶತ್ರುಗಳನ್ನು ಸಾಲಾಗಿ ಮಲಗಿಸಲು ಕತ್ತಿ. ದೊಡ್ಡವನ ಮೇಲೆ ಅದೃಷ್ಟ ಪರೀಕ್ಷೆ ಮಾಡಲು ಕೊಡಲಿ.

ಗ್ರೇಟ್ ವೆಪನ್ ಫೈಟಿಂಗ್ ಸ್ಟೈಲ್ ಇದ್ದರೆ ಕತ್ತಿಯೇ. 2014ರಲ್ಲಿ 1, 2 ಬಿದ್ದ ದಾಳವನ್ನು ಮತ್ತೆ ಉರುಳಿಸಬಹುದು. ಕತ್ತಿಯ ಸರಾಸರಿ 8.33ಕ್ಕೆ ಏರಿದರೆ ಕೊಡಲಿಯದು 7.33. ಹಾಫ್-ಆರ್ಕ್ ಬಾರ್ಬೇರಿಯನ್ ಆದರೆ ಕೊಡಲಿ ಹಿಡಿಯಿರಿ. ಕ್ರಿಟ್ ಬಿದ್ದಾಗ ಸಿಗುವ ಹೆಚ್ಚುವರಿ ದಾಳ ಒಂದು, ಅದು ಡಿ6 ಆಗುವ ಬದಲು ಡಿ12 ಆಗಲಿ. 2024ರಲ್ಲಿ ಕತ್ತಿಗೆ ಗ್ರೇಜ್ ಎನ್ನುವ ಗುಣ ಬಂದಿದೆ, ಏಟು ತಪ್ಪಿದರೂ ಶಕ್ತಿಯ ಬೋನಸ್‌ನಷ್ಟು ತರಚುತ್ತದೆ. ಕೊಡಲಿಗೆ ಕ್ಲೀವ್, ಪಕ್ಕದವನಿಗೂ ಒಂದು ಏಟು. ನನ್ನ ಓಟು ಗ್ರೇಜ್‌ಗೆ.

ಹೆಲ್ಪ್ ಮಾಡಬೇಕಾ?

ಇದನ್ನು ಬೇಗ ಮುಗಿಸುತ್ತೇನೆ. ಹೆಲ್ಪ್ ಅಂದರೆ ತನ್ನ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸ ಬಿಟ್ಟು ಗೆಳೆಯನ ಒಂದು ಏಟಿಗೆ ಅಡ್ವಾಂಟೇಜ್ ಕೊಡುವುದು. ಮೊದಲ ಲೆವೆಲ್ ವಿಝರ್ಡ್ ಗಾಬ್ಲಿನ್ ಮೇಲೆ ಫೈರ್ ಬೋಲ್ಟ್ ಎಸೆದರೆ ಸರಾಸರಿ 3.3. ಅದರ ಬದಲು ಫೈಟರ್‌ಗೆ ಹೆಲ್ಪ್ ಮಾಡಿದರೆ ಫೈಟರ್‌ನ ಏಟಿಗೆ ಕೂಡುವುದು 2.8. ಹೆಲ್ಪ್ ಮಾಡಲು ಗಾಬ್ಲಿನ್‌ನಿಂದ ಐದು ಅಡಿಯೊಳಗೆ ಹೋಗಿ ನಿಲ್ಲಬೇಕು ಬೇರೆ. ಬೇಡ. ಐದನೇ ಲೆವೆಲ್‌ನಲ್ಲಿ ಫೈರ್ ಬೋಲ್ಟ್ ಎರಡು ದಾಳದ್ದಾದಾಗ ಕೇಳುವುದೇ ಬೇಡ.

ಆದರೆ ಮಂತ್ರದಿಂದ ಕರೆಸಿಕೊಂಡ ಫೆಮಿಲಿಯರ್ ಗೂಬೆಗೆ ಹೊಡೆಯಲು ಬರುವುದಿಲ್ಲ, ಹೆಲ್ಪ್ ಮಾಡಲು ಬರುತ್ತದೆ. ಹಾರಿ ಬಂದು, ಹೆಲ್ಪ್ ಮಾಡಿ, ಏಟು ತಿನ್ನದೆ ಹಾರಿ ಹೋಗುತ್ತದೆ. ಅದರ ಅಡ್ವಾಂಟೇಜ್ ರೋಗ್‌ಗೆ ಕೊಡಿ. ಶತ್ರುವಿನ ಪಕ್ಕ ಯಾರೂ ಇಲ್ಲದಿದ್ದರೂ ಸ್ನೀಕ್ ಅಟ್ಯಾಕ್, ಅಂದರೆ ಅವನ ಹೆಚ್ಚುವರಿ ಡ್ಯಾಮೇಜ್ ಸಿಗುತ್ತದೆ. ಡಿಎಂ ಒಂದಲ್ಲ ಒಂದು ದಿನ ಆ ಗೂಬೆಗೆ ಬಾಣ ಬಿಡುತ್ತಾರೆ, ಅದಕ್ಕೆ ತಯಾರಿರಿ.

ತಪ್ಪಿಸಿಕೊಳ್ಳುವ ಲೆಕ್ಕ

ಇಲ್ಲಿ ದಾಳ ಶತ್ರುವಿನ ಕೈಯಲ್ಲಿ. ಡಾಡ್ಜ್ ಮಾಡಿದರೆ ನಿಮ್ಮ ಮೇಲೆ ಬರುವ ಏಟಿಗೆಲ್ಲ ಡಿಸ್‌ಅಡ್ವಾಂಟೇಜ್. ತಾಗುವ ಸಾಧ್ಯತೆಯನ್ನು ಅದರಿಂದಲೇ ಗುಣಿಸಿದರಾಯಿತು.

ನಾಲ್ಕು ಗಾಬ್ಲಿನ್‌ಗಳು ಎಸಿ 13ರ ವಿಝರ್ಡ್ ಒಬ್ಬಳನ್ನು ಸುತ್ತುವರಿದಿವೆ. ಅವುಗಳ ಬೋನಸ್ 4, ಬೀಳಬೇಕಾದ್ದು 9, ಶೇ. 60. ಸರಾಸರಿ 2.4 ಏಟು, ಒಂದಕ್ಕೆ 5.5ರಂತೆ, ಕ್ರಿಟ್ ಬಿಟ್ಟು 13.2 ಡ್ಯಾಮೇಜ್. ಅವಳ ಹತ್ತಿರ ಇರುವ ಹಿಟ್ ಪಾಯಿಂಟ್ 17. ಡಾಡ್ಜ್ ಮಾಡಿದರೆ ಶೇ. 36, ಅಂದರೆ 1.44 ಏಟು. ಶೀಲ್ಡ್ ಮಂತ್ರ ಹಾಕಿ ಎಸಿ 18 ಮಾಡಿಕೊಂಡರೆ ಶೇ. 35, ಅಂದರೆ 1.4 ಏಟು. ಎರಡೂ ಒಂದೇ! ವ್ಯತ್ಯಾಸ ಬೆಲೆಯಲ್ಲಿ. ಡಾಡ್ಜ್‌ಗೆ ಇಡೀ ಆಕ್ಷನ್ ಹೋಗುತ್ತದೆ. ಶೀಲ್ಡ್‌ಗೆ ಒಂದು ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಎಣಿಕೆ) ಮತ್ತು ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡುವ ಚಿಕ್ಕ ಕೆಲಸ). ಅದೂ ಏಟು ತಾಗಿತು ಅಂತ ಗೊತ್ತಾದ ಮೇಲೆ ಹಾಕಿದರಾಯಿತು. ಸ್ಲಾಟ್ ಇರುವವರೆಗೆ ಶೀಲ್ಡ್ ಇಟ್ಟುಕೊಂಡು ಆಕ್ಷನ್‌ನಲ್ಲಿ ಏನಾದರೂ ಕೆಲಸಕ್ಕೆ ಬರುವುದನ್ನು ಮಾಡಿ. ಪ್ರಾಣಕ್ಕೇ ಬಂದಿದ್ದರೆ ಎರಡೂ ಮಾಡಿ: ಶೇ. 12.25, ಅರ್ಧ ಏಟು.

ಎಸಿ 20ರ ಪ್ಯಾಲಡಿನ್ ಡಾಡ್ಜ್ ಮಾಡಿದರೆ ಗಾಬ್ಲಿನ್‌ಗಳ ಶೇ. 25 ಒಮ್ಮೆಲೇ ಶೇ. 6.25 ಆಗುತ್ತದೆ. ನಾಲ್ಕರಲ್ಲೊಂದು ಪಾಲು. ಇದನ್ನು ನೋಡಿ "ಡಾಡ್ಜ್ ಗಟ್ಟಿ ಕವಚದವರಿಗೇ" ಅನ್ನುವವರಿದ್ದಾರೆ. ಆದರೆ ಉಳಿದ ಏಟು ಎಣಿಸಿ. ಪ್ಯಾಲಡಿನ್ ಉಳಿಸಿಕೊಂಡದ್ದು ಮುಕ್ಕಾಲು ಏಟು. ವಿಝರ್ಡ್ ಉಳಿಸಿಕೊಂಡದ್ದು ಹೆಚ್ಚುಕಮ್ಮಿ ಒಂದು ಪೂರ್ತಿ ಏಟು. ಬಾಗಿಲಲ್ಲಿ ಅಡ್ಡ ನಿಂತು ದಾರಿ ಕಟ್ಟಬೇಕಾದಾಗ ಪ್ಯಾಲಡಿನ್ ಡಾಡ್ಜ್ ಮಾಡಲಿ, ಉಳಿದ ಹೊತ್ತು ಹೊಡೆಯಲಿ. ಡಾಡ್ಜ್‌ಗೆ ಸರಿಯಾದ ಗಿರಾಕಿ ಅಂದರೆ ಸ್ಪಿರಿಟ್ ಗಾರ್ಡಿಯನ್ಸ್ ಮಂತ್ರ ಹಾಕಿಕೊಂಡ ಕ್ಲೆರಿಕ್. ಸುತ್ತ 15 ಅಡಿಯಲ್ಲಿ 3ಡಿ8 ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಆಕ್ಷನ್ ಖಾಲಿ. ಡಾಡ್ಜ್ ಮಾಡುತ್ತಾ ಗುಂಪಿನ ನಡುವೆ ನಡೆದುಕೊಂಡು ಹೋಗುವುದೊಂದೇ ಕೆಲಸ.

ರೆಕ್‌ಲೆಸ್

ಬಾರ್ಬೇರಿಯನ್‌ಗೆ ಎರಡನೇ ಲೆವೆಲ್‌ನಲ್ಲಿ ಸಿಗುವ ರೆಕ್‌ಲೆಸ್ ಅಟ್ಯಾಕ್‌ನಲ್ಲಿ ಅಡ್ವಾಂಟೇಜ್ ಕೊಂಡು ಅಡ್ವಾಂಟೇಜ್ ಮಾರಬೇಕು. ನಿಮ್ಮ ಏಟಿಗೂ ಎರಡು ದಾಳ, ಮುಂದಿನ ಸರದಿಯವರೆಗೆ ನಿಮ್ಮ ಮೇಲೆ ಬರುವ ಏಟಿಗೂ ಎರಡು ದಾಳ. ಹಾಗಾಗಿ ಎರಡೂ ಕಡೆಯ ಸಂಖ್ಯೆ ನೋಡಬೇಕು. ಓಗರ್ ಎದುರು ನನ್ನ ಫೈಟರ್‌ನಷ್ಟೇ ಬಲದ, ಎಸಿ 15ರ ಬಾರ್ಬೇರಿಯನ್‌ಗೆ ಎರಡು ಏಟಿನಿಂದ ಜಾಸ್ತಿ ಸಿಗುವುದು 3.5 ಡ್ಯಾಮೇಜ್. ಓಗರ್‌ನ ಏಟು ಶೇ. 60ರಿಂದ 84ಕ್ಕೆ ಏರಿ ಅವನಿಗೆ ಜಾಸ್ತಿ ಆಗುವ ಗಾಯವೂ 3.5. ರೇಜ್, ಅಂದರೆ ಬಾರ್ಬೇರಿಯನ್‌ನ ರೋಷ ಇದ್ದರೆ ಆ ಗಾಯ ಅರ್ಧವಾಗುತ್ತದೆ. ಒಬ್ಬನೇ ಶತ್ರು, ರೇಜ್ ಇದೆ ಅಂದರೆ ಸರಿ. ಸುತ್ತ ಆರು ಜನ ಇದ್ದಾರೆ ಅಂದರೆ ಬೇಡ.

ಪೂರ್ತಿ ಬಿಟ್ಟಿ ಸಿಗುವ ಹೊತ್ತೂ ಒಂದಿದೆ. ನಮ್ಮ ಬಾರ್ಬೇರಿಯನ್ ಒಮ್ಮೆ ಜೈಂಟ್ ಸ್ಪೈಡರ್‌ನ ಬಲೆಯಲ್ಲಿ ಸಿಕ್ಕಿಬಿದ್ದ. ಬಲೆಯಲ್ಲಿ ಸಿಕ್ಕಿಕೊಂಡವನ ಏಟಿಗೆ ಡಿಸ್‌ಅಡ್ವಾಂಟೇಜ್, ಅವನ ಮೇಲೆ ಬರುವ ಏಟಿಗೆ ಅಡ್ವಾಂಟೇಜ್. ಅವನು ಎರಡು ಸುತ್ತು ಬಲೆ ಹರಿಯಲು ಕಿತ್ತಾಡಿದ. ಜೇಡ ಪಕ್ಕದಲ್ಲೇ ಇತ್ತು, ಕೈಗೆ ಸಿಗುವಷ್ಟು ಹತ್ತಿರ. ಮೂರನೇ ಸುತ್ತಿನಲ್ಲಿ ನಮ್ಮ ಬಿಲ್ಲಿನವನು, ಓಗರ್ ದಿನ ಹಣೆ ಚಚ್ಚಿಕೊಂಡವನೇ, ಮೆಲ್ಲಗೆ ಹೇಳಿದ: "ಅದಕ್ಕೆ ನಿನ್ನ ಮೇಲೆ ಅಡ್ವಾಂಟೇಜ್ ಹೇಗೂ ಇದೆ. ರೆಕ್‌ಲೆಸ್ ಅಂತ ಹೇಳು. ನಿನ್ನ ಡಿಸ್‌ಅಡ್ವಾಂಟೇಜ್ ಆದ್ರೂ ರದ್ದಾಗತ್ತೆ."

ಡಿಎಂ ಪುಸ್ತಕ ತೆಗೆದು ನೋಡಿದರು. ಮುಚ್ಚಿಟ್ಟರು. "ಸರಿ, ಹೊಡಿ" ಅಂದರು.